ಮೇಷ್ಟ್ರು ಹುಳ ಹಿಡಿಯಲು ಹೊರಟರು

ನಿಮ್ಮ ಮೇಷ್ಟ್ರೂ ಪಾಠ ಮಾಡುವುದನ್ನು ಕಲಿಯಲೆಂದೇ ಕಾಲೇಜಿಗೆ ಹೋಗಿ ಬಂದವರು, ಗೊತ್ತೇ? ಚೆನ್ನೈನ ಸೈದಾಪೇಟೆಯಲ್ಲಿ ಅಂಥದ್ದೊಂದು ಹಳೆಯ ಕಾಲೇಜಿದೆ. ಅದು ಶುರುವಾದದ್ದು 1856ರಲ್ಲಿ. ಮಂಗಳೂರು, ಉಡುಪಿ ಕಡೆಯೆಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ನಮ್ಮ ಕರಾವಳಿಯವರೂ ಮೇಷ್ಟ್ರಾಗಲು ಅಲ್ಲಿಗೆ ಹೋಗುತ್ತಿದ್ದರು.

ಇಂಥ ಕಡೆ ಕೀಟದ ಪಾಠ ಹೇಗಿರಬೇಕು? ಗೋಡೆಗೆ ಮಿಡತೆಯ ಚಿತ್ರ ತೂಗುಹಾಕಿ ತಲೆ, ಎದೆ, ಹೊಟ್ಟೆ, ಆರು ಕಾಲು ಎಂದು ಕೋಲಿನಲ್ಲಿ ತೋರಿಸಿದರೂ ಪಾಠ ಮುಗಿದೀತು. ಆದರೆ ಚಿತ್ರದ ಮಿಡತೆ ನೆಗೆಯುವುದಿಲ್ಲವಲ್ಲ! ಮುಂದೆ ಮಕ್ಕಳಿಗೆ ಕಲಿಸುವವರು ಮೊದಲು ತಾವೇ ಹುಳ ಹುಡುಕಲಿ.

ಹಳೆಯ ಕೊಡೆಯೊಂದು ಸಾಕು. ಅದನ್ನು ಬಿಚ್ಚಿ, ಅಂಗಾತ ಮಾಡಿ, ಒಳಗೆ ಬಿಳಿ ಬಟ್ಟೆ ಹಾಸಿ ಪೊದೆಯ ಕೆಳಗೆ ಹಿಡಿಯಬೇಕು. ಮೇಲಿನ ಕೊಂಬೆಗೆ ಕೋಲಿನಿಂದ ಮೆಲ್ಲಗೆ ತಟ್ಟಿದರೆ ಹುಳಗಳು ಪಟಪಟ ಉದುರುತ್ತವೆ. ಈಗ ಕಾಲೆಣಿಸಿ. ಎಂಟಿದ್ದರೆ ಜೇಡ, ಅದು ಕೀಟವಲ್ಲ. ಕರಿಬೇವಿನ ಗಿಡದ ಹಸಿರು ಹುಳಕ್ಕೆ ಮಾತ್ರ ಲೆಕ್ಕ ತಪ್ಪುತ್ತದೆ, ಆರಕ್ಕಿಂತ ಹೆಚ್ಚು ಕಾಣುತ್ತವೆ! ಮುಂದಿನ ಆರೇ ನಿಜವಾದ ಕಾಲು. ಹಿಂದಿನವು ಎಲೆಯನ್ನು ಹಿಡಿದುಕೊಳ್ಳಲು ಇರುವ ಮಾಂಸದ ಗುಬುಟುಗಳು. ಹುಳ ಚಿಟ್ಟೆಯಾದಾಗ ಅವು ಇರುವುದಿಲ್ಲ. ಹುಳವನ್ನು ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬು ಹೊರಬಂದು ಘಾಟು ವಾಸನೆ ಹೊಡೆಯುತ್ತದೆ. ಈ ವಾಸನೆ ಯಾವ ಚಿತ್ರದಲ್ಲಿದೆ?

ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವ ಹಳೆಯ ಪದ್ಧತಿ ನನಗಂತೂ ಇಷ್ಟವಿಲ್ಲ. ಸೀಸೆಯಲ್ಲಿಟ್ಟು ನೋಡಿ, ಬರೆದುಕೊಂಡು, ಸಿಕ್ಕಿದ ಗಿಡಕ್ಕೇ ಬಿಟ್ಟರಾಯಿತು. ಸೈದಾಪೇಟೆಯ ಹತ್ತಿರದಲ್ಲೇ ಗಿಂಡಿ ಕಾಡಿದೆ ನಿಜ, ಆದರೆ ಅದು ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಹುಳ ಹಿಡಿದು ತರುವಂತಿಲ್ಲ. ಕಾಲೇಜಿನ ಬೇಲಿಯಲ್ಲಿ ಬೇಕಾದಷ್ಟಿವೆ.

ಇನ್ನೂ ಚಿಕ್ಕವು ಬೇಕೇ? ಚೆಂಡುಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿ. ಒಂದೆರಡು ಮಿಲಿಮೀಟರ್ ಉದ್ದದ ಗೆರೆಗಳು ಓಡಾಡತೊಡಗಿದರೆ ಅವು ಥ್ರಿಪ್ಸ್ ಎಂಬ ಕೀಟಗಳಿರಬಹುದು. ಭೂತಗನ್ನಡಿಯಲ್ಲಿ ನೋಡಿದರೆ ರೆಕ್ಕೆಯ ಅಂಚಿನುದ್ದಕ್ಕೂ ಕೂದಲು, ಹಕ್ಕಿಯ ಗರಿಯಂತೆ. ಬಾಯಿ ಇನ್ನೂ ವಿಚಿತ್ರ: ಎಡ ದವಡೆ ಮಾತ್ರ ಬೆಳೆದಿರುತ್ತದೆ! ಅದರಿಂದ ಗಿಡವನ್ನು ಚುಚ್ಚಿ ರಸ ಹೀರುತ್ತದೆ. ಚೆನ್ನೈನ ಲೊಯೋಲಾ ಕಾಲೇಜಿನಲ್ಲಿ ಕೀಟ ಸಂಶೋಧನಾ ಸಂಸ್ಥೆ ಕಟ್ಟಿದ ಟಿ. ಎನ್. ಅನಂತಕೃಷ್ಣನ್ ದಶಕಗಳ ಕಾಲ ಈ ಪುಟಾಣಿಗಳ ಬೆನ್ನು ಹತ್ತಿದ್ದರು.

ನಿಮ್ಮ ಹಿತ್ತಲ ಮೆಣಸಿನ ಗಿಡದ ಎಲೆ ಮೇಲಕ್ಕೆ ಮುದುರಿದೆಯೇ? ಅದರ ಕೆಳಗೂ ಒಂದು ಬಿಳಿ ಹಾಳೆ ಹಿಡಿದು ತಟ್ಟಿ. ಏನು ಬಿತ್ತೆಂದು ನಾಳೆ ಮೇಷ್ಟ್ರಿಗೆ ತೋರಿಸಿ.