ನಾಳೆ ಬನ್ನಿ

"ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ." ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಹೀಗೆ ಹೇಳುವವರು ಜವಾನರು. ಕೇಳಿಸಿಕೊಳ್ಳುವವರು ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರು. ಅಧಿಕಾರ ಎಂದರೆ ನಮಗೆ ವಿಧಾನಸೌಧ ನೆನಪಾಗುತ್ತದೆ. ಆದರೆ ಇನ್ನೊಬ್ಬರನ್ನು ಕಾಯಿಸಬಲ್ಲ ಎಲ್ಲರ ಕೈಯಲ್ಲೂ ಅದು ಒಂದಿಷ್ಟು ಇರುತ್ತದೆ. ಆಗದು ಎಂದರೆ ಕಾರಣ ಕೊಡಬೇಕು. ನಾಳೆ ಎಂದರೆ ಅದೂ ಬೇಡ.

ಕರ್ನಾಟಕದ 2011ರ ಸಕಾಲ ಕಾಯ್ದೆ ಕೈ ಹಾಕಿದ್ದು ಇಲ್ಲಿಗೇ. ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಇವತ್ತು ಆ 20 ರೂಪಾಯಿಗೆ ತಿಂಡಿಯೂ ಬರದು ಅನ್ನಿ. ಆದರೂ ತಡಕ್ಕೊಂದು ಬೆಲೆ ಕಟ್ಟಿತಲ್ಲ!

ಮ್ಯಾನೇಜರ ಮೇಜಿನ ಮೇಲೆ ಬಿದ್ದಿರುವ ರಜೆ ಅರ್ಜಿಗೆ ಮಾತ್ರ ಸಕಾಲ ಅನ್ವಯಿಸುವುದಿಲ್ಲ. ತಂಗಿಯ ಮದುವೆಗೆ ಟಿಕೆಟ್ ಬುಕ್ ಮಾಡಬೇಕಾದ ಹುಡುಗ ಆಗಾಗ ಅತ್ತ ಇಣುಕುತ್ತಿರುತ್ತಾನೆ.