ಉಳಿ ಎನ್ನುವ ಮಾತು



ತಾಯಿಯ ಹೊಟ್ಟೆಯಲ್ಲಿ ಕೂಸಿನ ಮಿದುಳು ಬೆಳೆಯುತ್ತಿದೆ ಎಂದರೆ ನಮ್ಮ ತಲೆಗೆ ಬರುವುದು ಕೂಡುವ ಲೆಕ್ಕ. ಒಂದು ಕೋಶ ಎರಡಾಯಿತು, ಎರಡು ನಾಲ್ಕಾಯಿತು, ಹೀಗೆ. ಅಲ್ಲಿ ಕಳೆಯುವ ಲೆಕ್ಕವೂ ಜೋರಾಗಿಯೇ ನಡೆದಿರುತ್ತದೆ. ಮಿದುಳು, ಬೆನ್ನುಹುರಿಗಳ ಎಷ್ಟೋ ಭಾಗಗಳಲ್ಲಿ ಹುಟ್ಟಿದ ನರಕೋಶಗಳ ಸುಮಾರು ಅರ್ಧಪಾಲು ಬೆಳವಣಿಗೆಯ ಹಂತದಲ್ಲೇ ಸತ್ತುಹೋಗುತ್ತವೆ. ರೋಗವಿಲ್ಲ, ಪೆಟ್ಟಿಲ್ಲ. ಸಾಯುವ ಏರ್ಪಾಡು ಕೋಶದೊಳಗೇ ಇರುತ್ತದೆ.

ಇದರ ಗುಟ್ಟು ಬಿಡಿಸಿದವರಲ್ಲಿ ಮುಖ್ಯರಾದವರು ಇಟಲಿಯ ರೀಟಾ ಲೆವಿ-ಮೊಂತಾಲ್ಚಿನಿ. 1938ರಲ್ಲಿ ಮುಸೊಲಿನಿಯ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಿತು, ಅವರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಯಹೂದಿಯಾದ ಈಕೆ ಟ್ಯೂರಿನ್ನಿನ ಮನೆಯ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಯನ್ನು ಸಾಣೆ ಹಿಡಿದು ಶಸ್ತ್ರ ಮಾಡಿಕೊಂಡರು. ಬಾಂಬಿನ ಕಾಟ ಹೆಚ್ಚಾದಾಗ ಮನೆಮಂದಿಯೆಲ್ಲ ಹಳ್ಳಿ ಸೇರಿದರು. ಅಲ್ಲಿ ಸೈಕಲ್ ಹತ್ತಿ ರೈತರ ಮನೆಗಳಿಗೆ ಹೋಗಿ, ಮಕ್ಕಳಿಗೆ ಪುಷ್ಟಿಯಾಗಲಿ, ಮರಿಯಾಗುವಂಥ ಮೊಟ್ಟೆಯೇ ಕೊಡಿ ಎನ್ನುತ್ತಿದ್ದರು. ಮಕ್ಕಳೇನೂ ಇರಲಿಲ್ಲ! ಪ್ರಯೋಗಕ್ಕೆ ಭ್ರೂಣ ತೆಗೆದುಕೊಂಡ ಮೇಲೆ ಉಳಿದದ್ದು ಆಮ್ಲೆಟ್ ಆಗುತ್ತಿತ್ತು. ಯುದ್ಧಕಾಲ, ಬಿಸಾಡುವ ಹಾಗಿರಲಿಲ್ಲ.

ಕೋಳಿಯ ಭ್ರೂಣದಲ್ಲಿ ಕಾಲೋ ರೆಕ್ಕೆಯೋ ಮೊಳೆಯುವಾಗಲೇ ಕತ್ತರಿಸಿದರೆ, ಅದಕ್ಕೆ ಹೋಗಬೇಕಾದ ನರಕೋಶಗಳೂ ಕಡಿಮೆಯಾಗುತ್ತವೆ. ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲೇ ಇದನ್ನು ಬರೆದಿದ್ದರು. ಅಂಥ ಕೋಶಗಳು ರೂಪುಗೊಳ್ಳುವುದೇ ಇಲ್ಲ ಎಂಬುದು ಅವರ ಎಣಿಕೆ. ರೀಟಾ ಬೇರೆಬೇರೆ ದಿನದ ಭ್ರೂಣಗಳನ್ನು ತೆಳ್ಳಗೆ ಸೀಳಿ, ಬೆಳ್ಳಿಯ ಲವಣದಲ್ಲಿ ಬಣ್ಣ ಕಟ್ಟಿ ನೋಡಿದರು. ಕೋಶಗಳು ಹುಟ್ಟಿದ್ದವು, ತಂತು ಚಾಚಿದ್ದವು, ಸತ್ತದ್ದು ಆಮೇಲೆ. ಏನನ್ನೂ ಕತ್ತರಿಸದ ಭ್ರೂಣದಲ್ಲೂ ಇಂಥ ಸಾವು ನಡೆಯುತ್ತದೆಂದು 1949ರಲ್ಲಿ ಇಬ್ಬರೂ ಸೇರಿ ತೋರಿಸಿದರು.

ತಂತು ಹೋಗಿ ಮುಟ್ಟಿದ ಕಡೆಯಿಂದ ನರಕೋಶಕ್ಕೆ ಒಂದು ಪೋಷಕ ಪ್ರೋಟೀನ್ ಸಿಗಬೇಕು. ಅಲ್ಲಿ ಅದು ಅಳೆದು ಸುರಿದಷ್ಟೇ ಇರುತ್ತದೆ. ಸಿಕ್ಕಿದ್ದು ಉಳಿಯಿತು, ಸಿಗದ್ದು ಹೋಯಿತು. ಸಾಯಿ ಎಂದು ಯಾರೂ ಅಪ್ಪಣೆ ಕೊಡಬೇಕಿಲ್ಲ, ಉಳಿ ಎನ್ನುವ ಮಾತು ಬಾರದಿದ್ದರೆ ಸಾಕು. ನನಗೆ ಇದು ಇವತ್ತಿಗೂ ಬೆರಗು. ಇಂಥ ಮೊದಲ ಪ್ರೋಟೀನನ್ನು ಕಂಡದ್ದಕ್ಕೆ ರೀಟಾ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ಬಂತು.

ಸಾವಾದರೂ ಎಂಥದ್ದು? ಕೋಶ ಕುಗ್ಗುತ್ತದೆ, ಅದರ ಡಿಎನ್‌ಎ ತುಂಡಾಗುತ್ತದೆ, ಒಡಲು ಪೊರೆ ಸುತ್ತಿದ ಸಣ್ಣ ಸಣ್ಣ ಉಂಡೆಗಳಾಗುತ್ತದೆ. ಅವನ್ನು ಮೈಕ್ರೊಗ್ಲಿಯಾ ಎಂಬ ಕಾವಲು ಕೋಶಗಳು ನುಂಗಿಬಿಡುತ್ತವೆ. ಒಳಗಿನದು ಹೊರಗೆ ಚೆಲ್ಲುವುದಿಲ್ಲ, ಊತವಿಲ್ಲ.

ಮಿದುಳಿನ ವಿಚಾರ ಇನ್ನೂ ಗೋಜಲು. ತಂತು ಚಾಚುವ ಹಂತಕ್ಕೂ ಮೊದಲೇ, ಇನ್ನೂ ಒಡೆದು ಎರಡಾಗುತ್ತಿರುವ ಕೋಶಗಳಲ್ಲೂ ಈ ಸಾವುಂಟು. ಅದನ್ನು ತಡೆದರೆ? ಈ ಸಾವಿಗೆ ಬೇಕಾದ ಕ್ಯಾಸ್ಪೇಸ್-9 ಎಂಬ ಕಿಣ್ವವಿಲ್ಲದ ಇಲಿಗಳನ್ನು 1998ರಲ್ಲಿ ವಿಜ್ಞಾನಿಗಳು ರೂಪಿಸಿ ನೋಡಿದರು. ಸಾಯಬೇಕಾದ ಕೋಶಗಳು ಸಾಯಲಿಲ್ಲ. ಮಿದುಳು ಅಳತೆ ಮೀರಿ ಬೆಳೆದು, ತಲೆಯ ಆಚೆಗೆ ಉಬ್ಬಿಕೊಂಡಿತು. ಆ ಮರಿಗಳಲ್ಲಿ ಹೆಚ್ಚಿನವು ಹುಟ್ಟುವ ಮೊದಲೇ, ಇಲ್ಲವೇ ಹುಟ್ಟಿದ ಬೆನ್ನಿಗೇ ಸತ್ತವು.