ಗಡಿನಾಡಿನ ಮಕ್ಕಳೂ ವೈದ್ಯವಿದ್ಯೆಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1956ನೆಯ ಇಸವಿಯ ನವೆಂಬರ್ 1ರಂದು ಹೈದರಾಬಾದು ರಾಜ್ಯವು ವಿಭಜನೆಗೊಂಡಾಗ, ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿ ಬದಲಾದರೂ ನಮ್ಮ ಮನೆಮಾತು ಬದಲಾಗಲಿಲ್ಲ. ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಬೇಕೆಂದು ಸಂವಿಧಾನದ 350-ಎ ವಿಧಿಯು ಹೇಳುತ್ತದೆ. ಆದರೆ ಹತ್ತನೆಯ ತರಗತಿ ಮುಗಿದ ಮೇಲೆ ಅವರ ಗತಿಯೇನು?

ನನ್ನ ಶಿಷ್ಯೆಯೊಬ್ಬಳು ದಾದಿಯಾಗಬೇಕೆಂಬ ಹಂಬಲದಿಂದ ಇಂಟರ್‌ಮೀಡಿಯೆಟ್ಟಿನಲ್ಲಿ ಬೈಪಿಸಿ ಸೇರಿದಳು. ಹೃದಯದ ಕವಾಟ, ಅಪಧಮನಿ, ಮೂತ್ರಪಿಂಡ ಎಲ್ಲವನ್ನೂ ಬಲ್ಲವಳು, ಅವೇ ವಸ್ತುಗಳು ಇಂಗ್ಲಿಷಿನಲ್ಲಿ ಎದುರಾದಾಗ ಮೂಕಳಾದಳು. ಮೂರು ತಿಂಗಳಲ್ಲಿ ಓದು ಬಿಟ್ಟಳು. ಅವಳಲ್ಲಿ ಕೊರತೆಯಾದುದು ಬುದ್ಧಿಯಲ್ಲ. ಒಂದು ನುಡಿಯಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆ. ಅದನ್ನು ಕಟ್ಟದಿದ್ದ ತಪ್ಪಿನಲ್ಲಿ ಅವಳ ಗುರುವಾದ ನನಗೂ ಪಾಲುಂಟು.

ವೈದ್ಯವಿದ್ಯೆಗೆ ಪ್ರವೇಶ ನೀಡುವ ನೀಟ್ ಪರೀಕ್ಷೆಯಲ್ಲಿ 2017ರಿಂದ ಕನ್ನಡದ ಪ್ರಶ್ನೆಪತ್ರಿಕೆಯೂ ಉಂಟು. ಆದರೆ ಅದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಇದನ್ನರಿಯದೆ ನಮ್ಮ ಹುಡುಗನು ಹೈದರಾಬಾದಿನ ಕೇಂದ್ರವನ್ನು ಬರೆದರೆ ಆ ಅವಕಾಶ ಅಲ್ಲಿಗೇ ತಪ್ಪಿತು. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ. ಆದುದರಿಂದ ಎರಡೂ ನುಡಿಗಳ ಪರಿಚಯ ಅನಿವಾರ್ಯ.

ಕನ್ನಡಕ್ಕೆ ವೈದ್ಯವು ಹೊಸತಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ‘ತಾಯಿ-ಮಗು’ವನ್ನು ಬರೆದು ಮನೆಮನೆಗೆ ಆರೋಗ್ಯಜ್ಞಾನವನ್ನು ಮುಟ್ಟಿಸಿದರು.

ಇದು ಕೇವಲ ಉದ್ಯೋಗದ ಮಾತೂ ಅಲ್ಲ. ನಮ್ಮ ಹಳ್ಳಿಯ ಮುದುಕಿ ಆಸ್ಪತ್ರೆಯಲ್ಲಿ “ಎದಿ ಹಿಂಡಿದಂಗ ಆಗ್ಲಿಕತ್ತದ” ಎನ್ನುತ್ತಾಳೆ. ಅದು ಬರಿಯ ಎದೆಯುರಿಯಲ್ಲ, ಹೃದಯದ ವ್ಯಾಧಿಯ ಸೂಚನೆಯಿರಬಹುದು. ಆ ಒಂದು ‘ಹಿಂಡು’ ಎಂಬ ಮಾತನ್ನು ಅರಿತ ದಾದಿ ಪಕ್ಕದಲ್ಲಿದ್ದರೆ ಒಂದು ಜೀವ ಉಳಿದೀತು. ನಮ್ಮ ಮಕ್ಕಳು ತೆಲುಗನ್ನೂ ಆದರದಿಂದ ಕಲಿಯಲಿ; ರೋಗಿಯ ನೋವಿಗೆ ರಾಜ್ಯದ ಗಡಿಯಿಲ್ಲ.

ಆದುದರಿಂದ ಸಂಘದ ಮುಂದೆ ಮೂರು ಬಿನ್ನಹಗಳನ್ನಿಡುತ್ತೇನೆ. ಮೊದಲನೆಯದು, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಗೆಯಲ್ಲಿ ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕನ್ನಡ-ಇಂಗ್ಲಿಷ್‌ಗಳಲ್ಲಿ ಜೊತೆಜೊತೆಯಾಗಿ ಕಲಿಸುವ ತರಗತಿ ನಡೆಯಲಿ. ಕನ್ನಡದ ಭಾಗವನ್ನು ನಾನು ಉಚಿತವಾಗಿ ಕಲಿಸುವೆನು. ಎರಡನೆಯದು, ಅರ್ಜಿ ತುಂಬುವ ದಿನಗಳಲ್ಲಿ ತಿಳಿದವರೊಬ್ಬರು ಸಂಘದ ಕೋಣೆಯಲ್ಲಿ ಕುಳಿತಿರಲಿ. ಮೂರನೆಯದು, ಬಡ ವಿದ್ಯಾರ್ಥಿಯ ಪರೀಕ್ಷಾಶುಲ್ಕಕ್ಕೂ ಪ್ರಯಾಣಕ್ಕೂ ಒಂದು ನಿಧಿಯಿರಲಿ. ವೈದ್ಯರಷ್ಟೇ ಅಲ್ಲದೆ ದಾದಿಯರು, ಔಷಧಗಾರರು, ಪ್ರಯೋಗಾಲಯದ ಕೆಲಸಗಾರರು ಕೂಡ ನಮ್ಮ ಮನೆಗಳಿಂದ ಹೊರಡಲಿ.

ಓದು ಬಿಟ್ಟ ಆ ಹುಡುಗಿ ಈ ಊರಿನಲ್ಲಿಯೇ ಇದ್ದಾಳೆ. ಬರುವ ಬೇಸಗೆಯ ತರಗತಿಗೆ ಮೊದಲ ಹೆಸರು ಅವಳದೇ ಆಗಲೆಂದು ಹಾರೈಸುತ್ತೇನೆ.